ಕೆಳಗೆ ನೋಡುವ ಕಣ್ಣು

ಬಹಳ ಹಿಂದೆ, ಹಿಮದ ಬೆಟ್ಟಗಳು ಸುತ್ತುಗಟ್ಟಿ ನಿಂತ ಮಣಿಪಾಟಣವೆಂಬ ರಾಜ್ಯದಲ್ಲಿ ಪುಣ್ಯಮಾನನೆಂಬ ನೇವಾರ ಕುಲದ ಚಿತ್ರಕಾರನಿದ್ದ. ಬಟ್ಟೆಯ ಮೇಲೆ ದೇವರನ್ನು ಬರೆಯುವುದು ಅವನ ಮನೆತನದ ಕೆಲಸ. ಮಿಂದು, ಒಪ್ಪೊತ್ತು ಉಂಡು ಬರೆಯುತ್ತಿದ್ದ. ಕಣ್ಣನ್ನು ಮಾತ್ರ ಎಲ್ಲಕ್ಕಿಂತ ಕೊನೆಗೆ. ಅವನು ಕಣ್ಣು ತೆರೆಸಿದರೆ ಚಿತ್ರಕ್ಕೆ ಜೀವ ಬರುತ್ತಿತ್ತು.

ಆ ರಾಜ್ಯಕ್ಕೆ ಧೂಮ್ರಜಿಹ್ವನೆಂಬ ಮಾಂತ್ರಿಕ ಬಂದ. ಯಾರಿಗೂ ತಲೆಬಾಗದಿರುವವರೆಗೆ ಅವನ ಮಂತ್ರಕ್ಕೆ ಸಾವಿಲ್ಲ. ಅಂಥ ಸೊಕ್ಕಿನವನಿಗೆ ಅದೇನು ಕಷ್ಟದ ವ್ರತವೇ! ರಾಜನನ್ನೂ ಪ್ರಜೆಗಳನ್ನೂ ಅರಮನೆಯ ಗೋಡೆಯ ಮೇಲಿನ ಚಿತ್ರಗಳನ್ನಾಗಿಸಿದ. ಬಣ್ಣಕ್ಕೆ ಬೆರೆಸುವ ಅಂಟು ಕಾಯಿಸುತ್ತಿದ್ದ ಪುಣ್ಯಮಾನನ ಹೆಂಡತಿ ಹೇರಾಮಾಯಾಳೂ ಸೌಟಿನ ಸಮೇತ ಗೋಡೆ ಸೇರಿದಳು. ಚಿತ್ರ ಬರೆಸಿಕೊಳ್ಳಲೆಂದು ಪುಣ್ಯಮಾನನೊಬ್ಬನನ್ನು ಮಾತ್ರ ಉಳಿಸಿದ.

"ಮೂರು ಚಿತ್ರ ಬರೆದುಕೊಡು, ಹೆಂಡತಿಯನ್ನು ಬಿಡುತ್ತೇನೆ. ತಪ್ಪಿದರೆ ಗೋಡೆ ಒರೆಸಿಬಿಡುತ್ತೇನೆ" ಎಂದ ಮಾಂತ್ರಿಕ.

ಮೊದಲು ಕುದುರೆ ಕೇಳಿದ. ಕಣ್ಣು ತೆರೆದೊಡನೆ ಅದು ಕೆನೆದು ಬಟ್ಟೆಯಿಂದ ನೆಗೆಯಿತು. ಆಮೇಲೆ ಹಾವು ಕೇಳಿದ. ಕಣ್ಣು ತೆರೆದೊಡನೆ ಅದು ಬುಸುಗುಟ್ಟಿ ಅವನ ತೋಳಿಗೆ ಸುತ್ತಿಕೊಂಡಿತು.

"ಇನ್ನು ನನ್ನನ್ನೇ ಬರಿ. ಕಮಲದ ಮೇಲೆ, ದೇವರಾಗಿ! ಲೋಕವೆಲ್ಲ ನನಗೆ ಕೈಮುಗಿಯಲಿ."

ಪುಣ್ಯಮಾನನ ಎದೆ ಒಡೆಯಿತು. ದೇವರ ಪೀಠದಲ್ಲಿ ಈ ಮುಖವೇ? ಗೋಡೆಯತ್ತ ನೋಡಿದ, ಹೇರಾಮಾಯಾ ಸೌಟು ಹಿಡಿದೇ ನಿಂತಿದ್ದಳು. ಅಳುತ್ತಲೇ ಬರೆದ. ಉಪಾಯವೇನೂ ಹೂಡಲಿಲ್ಲ. ಆದರೆ ಕಮಲದ ಮೇಲೆ ಕೂತವರಿಗೆ ಬರೆಯಲು ಅವನ ಕೈಗೆ ಗೊತ್ತಿದ್ದದ್ದು ಅಪ್ಪ ಕಲಿಸಿದ ಕಣ್ಣೊಂದೇ. ಅರೆಮುಚ್ಚಿ, ಕೆಳಗೆ ನೋಡುವ ಕಣ್ಣು.

"ಏನೋ ಇದು, ನಾನು ತೂಕಡಿಸುತ್ತಿದ್ದೇನಲ್ಲ!" ಎಂದು ಮಾಂತ್ರಿಕ ಗುಡುಗಿದ.

"ತೂಕಡಿಕೆಯಲ್ಲ, ಒಡೆಯಾ. ಆ ಕಣ್ಣು ನೆಲದಲ್ಲಿ ಕೂತವರನ್ನು ನೋಡುತ್ತದೆ. ಕೆಳಗಿನಿಂದ ನೋಡಿದರೆ ಕಾಣುತ್ತದೆ."

ತನ್ನ ಕಣ್ಣಿನ ಅಂದ ನೋಡುವ ಆಸೆಗೆ ಮಾಂತ್ರಿಕ ಮಂಡಿಯೂರಿ, ತಲೆ ತಗ್ಗಿಸಿ, ಕೆಳಗಿನಿಂದ ಇಣುಕಿದ.

ಮುಖ ಅವನದೇ, ನೋಟ ಅವನದಲ್ಲ. ಅಷ್ಟು ಕರುಣೆಯಿಂದ ಅವನನ್ನು ಯಾರೂ ಎಂದೂ ನೋಡಿರಲಿಲ್ಲ. ತಗ್ಗಿದ ತಲೆ ಮೇಲೇಳಲೇ ಇಲ್ಲ. ಹಣೆ ನೆಲಕ್ಕೆ ತಾಗಿತು. ಮಂತ್ರ ಅಲ್ಲೇ ಸತ್ತಿತು. ಬಟ್ಟೆಯ ಮೇಲಿನ ಅವನ ಮುಖ ಅಳಿಸಿಹೋಗಿ ದೇವರ ಮುಖ ಮೂಡಿತು. ಕುದುರೆಯೂ ಹಾವೂ ಚಿತ್ರಗಳಾಗಿ ಮರಳಿದವು. ಗೋಡೆ ಉಸಿರಾಡಿತು! ರಾಜ ಇಳಿದ, ಪ್ರಜೆಗಳು ಇಳಿದರು, ಎಲ್ಲರಿಗಿಂತ ಕೊನೆಗೆ ಹೇರಾಮಾಯಾ ಕಣ್ಣು ತೆರೆದಳು.

"ಅಯ್ಯೋ, ಒಲೆಯ ಮೇಲೆ ಅಂಟು ಇತ್ತಲ್ಲ! ಕೈಯಾಡಿಸಿದಿರೋ, ಸೀಯಲು ಬಿಟ್ಟಿರೋ?"

ಪುಣ್ಯಮಾನ ಅವಳ ಸೌಟಿನ ಕೈಯನ್ನೇ ಹಿಡಿದುಕೊಂಡು ಅತ್ತ.

ಮಾಂತ್ರಿಕನಿಗೆ ಆ ನೋಟವನ್ನು ಬಿಟ್ಟುಹೋಗುವ ಮನಸ್ಸೇ ಆಗಲಿಲ್ಲ, ಪುಣ್ಯಮಾನನ ಮನೆಯಲ್ಲೇ ಉಳಿದ. ಅಂಟು ಕಾಯಿಸುವ ಕೆಲಸ ಅವನ ಪಾಲಿಗೆ ಬಂತು. ತಲೆ ತಗ್ಗಿಸಿ ಮಾಡುವ ಕೆಲಸ ಅದು. ಮಣಿಪಾಟಣದವರೆಲ್ಲ ಸುಖವಾಗಿದ್ದರು, ಆ ಮನೆಯಲ್ಲಿ ಅಂಟು ಮತ್ತೆಂದೂ ಸೀಯಲಿಲ್ಲ.