ಮೂಳೆಗೆ ಅಪ್ಪಣೆ

ಅಂಟು ತನ್ನದು, ಹೆಸರು ಮೇಡಂದು. ಸಂಶೋಧಕನಾದ ಅವನ ಹೊಟ್ಟೆ ಉರಿಯಲು ಅಷ್ಟು ಸಾಕಾಗಿತ್ತು. ಸುತ್ತಲಿನ ಜೀವಕೋಶಗಳಿಗೆ ‘ಮೂಳೆಯಾಗಿ’ ಎಂದು ಅಪ್ಪಣೆ ಕೊಡುವ ಪ್ರೋಟೀನು ಮೇಡಂ ನಡೆಸುವ ಪ್ರಯೋಗಾಲಯದಲ್ಲಿ ಮೊದಲೇ ಇತ್ತು. ಆದರೆ ಮೈಗೆ ಸೇರಿಸಿದರೆ ನಿಲ್ಲದೆ ರಕ್ತದಲ್ಲಿ ಕೊಚ್ಚಿಹೋಗುತ್ತಿತ್ತು. ಹಾಕಿದಲ್ಲೇ ಕೂರುವಂತೆ ಅದನ್ನು ಅಂಟಿನಲ್ಲಿ ಕಲಸಿದವನು ಅವನು. ಪ್ರಬಂಧ ಅಚ್ಚಾದಾಗ ಅವನ ಹೆಸರು ಕೊನೆಯ ಕೃತಜ್ಞತೆಯಲ್ಲಿ, ಮೊಲಗಳನ್ನು ನೋಡಿಕೊಳ್ಳುವ ಮುದುಕನ ಪಕ್ಕದಲ್ಲಿ ಕೂತಿತ್ತು.

“ಬೇಜಾರು ಮಾಡ್ಕೋಬೇಡಪ್ಪ, ಮುಂದಿನ ಸಲ ನೋಡೋಣ,” ಎಂದಿದ್ದರು ಮೇಡಂ.

ಇನ್ನೊಂದು ಕಂಪನಿಯಲ್ಲಿ ಮುಖ್ಯಸ್ಥನ ಕುರ್ಚಿ ಅವನಿಗಾಗಿ ಕಾದಿತ್ತು. ಬರಿಗೈಯಲ್ಲಿ ಬರಬಾರದು, ಅಷ್ಟೇ.

ಪ್ರೋಟೀನು ಕಲಸಿದ ಅಂಟಿನ ಸೀಸೆ ಕದ್ದರೆ ಮರುದಿನವೇ ಗೊತ್ತಾಗುತ್ತದೆ. ಸೀಸೆ ಅಲ್ಲೇ ಇರಬೇಕು, ಒಳಗಿನದು ಬದಲಾಗಬೇಕು. ಎಲ್ಲರೂ ಊಟಕ್ಕೆ ಎದ್ದಾಗ ರಬ್ಬರ್ ಮುಚ್ಚಳಕ್ಕೆ ಸಿರಿಂಜು ಚುಚ್ಚಿ ಔಷಧ ಎಳೆದುಕೊಂಡ. ಬರಿಯ ಅಂಟನ್ನು ಅಷ್ಟೇ ತುಂಬಿದ. ಸಿರಿಂಜು ಮಂಜುಗಡ್ಡೆಯ ಫ್ಲಾಸ್ಕಿಗೆ, ಫ್ಲಾಸ್ಕು ಊಟದ ಚೀಲಕ್ಕೆ ಸೇರಿತು. ಗೇಟಿನ ಕಾವಲುಗಾರ ನಕ್ಕ. ಯಾಕೆ ನಕ್ಕ ಎಂದು ಅವನು ಮನೆ ಸೇರುವವರೆಗೂ ತಲೆ ಕೆಡಿಸಿಕೊಂಡ.

ಆ ಸೀಸೆಯ ಔಷಧ ಕೊಟ್ಟ ಮೊಲಗಳ ಮುರಿದ ಮೂಳೆ ಕೂಡದಿದ್ದಾಗ ಕಳವು ಬಯಲಾಯಿತು. ಎಲ್ಲರೂ ಎಲ್ಲರನ್ನೂ ಓರೆಗಣ್ಣಿನಲ್ಲಿ ನೋಡತೊಡಗಿದರು. ಅವನೂ ನೋಡಿದ, ನೋಡದವನ ಮೇಲೇ ಮೊದಲು ಅನುಮಾನ ಬರುವುದು.

“ಆ ಮೊಲದಜ್ಜನ್ನ ಒಂದು ಮಾತು ಕೇಳಿ ಮೇಡಂ. ಪಾಪ, ಕಷ್ಟದಲ್ಲಿದ್ದಾರೆ, ಯಾರಾದ್ರೂ ಆಸೆ ತೋರಿಸಿರಬಹುದು,” ಎಂದ ಅವನು.

ಮುದುಕನನ್ನು ಕೆಲಸದಿಂದ ಬಿಡಿಸಿದರು. ಗಲಾಟೆ ತಣ್ಣಗಾಗುವವರೆಗೆ ಕಾದು, ಅವನು ರಾಜೀನಾಮೆ ಕೊಟ್ಟ.

ಹೊರಡುವ ದಿನ ಮೇಡಂ ಕೈಕುಲುಕಿದರು. ಕುಲುಕಿದ ಕೈ ಬಿಡಲಿಲ್ಲ.

“ಹೆಬ್ಬೆರಳ ಬುಡದಲ್ಲಿ ಇದೇನೋ ಗಟ್ಟಿಗಿದೆಯಲ್ಲಪ್ಪ?”

“ಬರೆದೂ ಬರೆದೂ ಆಗಿರೋ ಗಂಟು ಮೇಡಂ, ನೋವೇನಿಲ್ಲ.”

“ಮೊಲದ ಎಕ್ಸ್‌ರೇ ಮಷೀನು ಪಕ್ಕದಲ್ಲೇ ಇದೆ. ಬಾ, ನಿಂದೂ ಒಂದು ತೆಗೆಯೋಣ.”

ಒಲ್ಲೆ ಎಂದರೆ ಅನುಮಾನ. ನಗುತ್ತಲೇ ಕೈಯಿಟ್ಟ.

ಪರದೆಯ ಮೇಲೆ, ಬರಿಯ ಮಾಂಸವಿರಬೇಕಾದ ಕಡೆ, ಯಾವ ಮನುಷ್ಯನ ಕೈಯಲ್ಲೂ ಇರದ ಒಂದು ಪುಟ್ಟ ಮೂಳೆ ಬೆಳ್ಳಗೆ ಕಂಡಿತು. ಕದ್ದ ದಿನ ಅವಸರದಲ್ಲಿ ಸೂಜಿಗೆ ಮುಚ್ಚಳ ಹಾಕುವಾಗ ತುದಿ ಅಲ್ಲಿ ಇಳಿದಿತ್ತು. ಹೊರಗೆ ಬಂದ ರಕ್ತದ ಹನಿಯನ್ನು ಅವನು ಗುರುತು ಸಿಗದಂತೆ ಒರೆಸಿದ್ದ. ಒಳಗೆ ಹೋದದ್ದರ ಯೋಚನೆ ಬಂದಿರಲಿಲ್ಲ. ಅವನ ಅಂಟು ಮಾತ್ರ ಹೇಳಿದ ಕೆಲಸ ಮಾಡಿತ್ತು, ಹಾಕಿದಲ್ಲೇ ಕೂತಿತ್ತು. ಮೇಡಂ ಪರದೆಯಿಂದ ಕಣ್ಣು ತೆಗೆಯದೆ, ಹಿಂದಕ್ಕೆ ಕೈಚಾಚಿ ಮೆಲ್ಲಗೆ ಬಾಗಿಲ ಚಿಲಕ ಹಾಕಿದರು.