ಎರಡನೆಯ ಹೆಬ್ಬೆಟ್ಟು

ನಾನು ಹತ್ತು ಮಾತಾಡಿದರೆ ಒಂಬತ್ತು ಸುಳ್ಳು. ಇದು ಹತ್ತನೆಯದು.

ಭಾಲ್ಕಿಯಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ಸುಡುವ ಮಧ್ಯಾಹ್ನ ಫೇತ ಎಂಬ ಕಾಲೇಜು ಹುಡುಗಿ ಬಂದು ತನ್ನ ಫೋನ್ ಮುಂದಿಟ್ಟಳು.

"ಅಣ್ಣಾ, ಇದರಾಗ ಎರಡು ಬೆರಳಿನ ಗುರುತು ಅದಾವ್ರಿ. ಒಂದು ನಂದು. ಇನ್ನೊಂದು ತೆಗೀರಿ."

"ಯಾಕವಾ, ಲಗ್ನ ಮುರೀತೇನು?" ಎಂದು ನಕ್ಕೆ.

ಅವಳು ನಗಲಿಲ್ಲ. "ಸಿಟ್ಟಿನಾಗ ನಮ್ಮ ಅಜ್ಜಿಗಿ 'ನೀ ಸತ್ತರ ಛಲೋ' ಅಂತ ವಾಯ್ಸ್ ಮೆಸೇಜ್ ಕಳಿಸಿದ್ದೆ. ಮರುದಿನಾನೇ ಸತ್ತಳ್ರಿ. ಯಾರೂ ಕೇಳಬಾರದಂತ, ಮಣ್ಣಿಗಿ ಒಯ್ಯೋ ಮೊದಲು ಆಕಿ ಹೆಬ್ಬೆಟ್ಟು ಒತ್ತಿ ಆಕಿ ಫೋನಿನ ಲಾಕ್ ತೆಗೆದು ಆ ಮೆಸೇಜ್ ಅಳಿಸಿದೆ. ಒಬ್ಬರ ಫೋನ್ ಕೇಳದೆ ತೆಗೀಬಾರದು ಅಂತ ಕಾಲೇಜಿನಾಗ ಭಾಷಣ ಮಾಡಿದಾಕಿನೂ ನಾನೇ."

ಆ ಗುರುತನ್ನು ಅಳಿಸಿದೆ. ಮತ್ತೆ ಬಂತು. ಸೆಟ್ಟಿಂಗ್ಸ್‌ನಲ್ಲಿ ಗುರುತುಗಳ ಪಟ್ಟಿ ತೆರೆದು ಬೆರಳಿಟ್ಟರೆ, ಆ ಬೆರಳಿನ ಸಾಲು ಹೊಳೆಯಬೇಕು. ಅವಳ ಹತ್ತು, ನನ್ನ ಹತ್ತು ಬೆರಳು ಇಟ್ಟು ನೋಡಿದೆವು. ಎರಡನೆಯ ಸಾಲು ಹೊಳೆಯಲಿಲ್ಲ.

ಫೋನ್ ಮೇಜಿನ ಮೇಲಿಟ್ಟು ಇಬ್ಬರೂ ಕೈ ಹಿಂದೆಗೆದೆವು. ಗಾಜಿನ ಮೇಲೆ ಹೆಬ್ಬೆಟ್ಟಿನಗಲ ತೇವ ಮೂಡಿತು. ಎರಡನೆಯ ಸಾಲು ಹೊಳೆಯಿತು. ಫೋನಿನಿಂದ ಫೇತಳದೇ ದನಿ ಕೇಳಿಸಿತು: "ನೀ ಸತ್ತರ ಛಲೋ."

ಮುಟ್ಟಿದೆ. ಆ ಬಿಸಿಲಿನಲ್ಲೂ ಫೋನ್ ಬರ್ಫದಂತೆ ತಣ್ಣಗಿತ್ತು.

ಫೇತ ಅದನ್ನು ಬಿಟ್ಟು ಓಡಿದಳು. ಬ್ಯಾಟರಿ ಬಿಚ್ಚಿ ಫೋನನ್ನು ಡಬ್ಬಿಯಲ್ಲಿ ಹಾಕಿದ್ದೇನೆ. ಆದರೂ ದಿನಾ ಮಧ್ಯಾಹ್ನ ಗಾಜಿನ ತೇವ ಒರೆಸುತ್ತೇನೆ.

ನಿನ್ನೆ ನನ್ನ ಸ್ವಂತ ಫೋನ್ ತೆಗೆದು ನೋಡಿದೆ. ಅದರಲ್ಲಿ ಎರಡು ಬೆರಳಿನ ಗುರುತುಗಳಿವೆ. ನಾನು ಕೊಟ್ಟದ್ದು ಒಂದೇ.