ಹಲಸು ಕೊಯ್ಯುವ ಚೂರಿ

ಬಹಳ ಹಿಂದೆ, ಹೊಳೆಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ, ಕಗ್ಗಲಿ ಎಂಬ ರಾಜ್ಯವಿತ್ತು. ರಾಜ್ಯದ ಮುಕ್ಕಾಲು ಪಾಲು ಕಾಡು. ಅಲ್ಲಿ ದೊರೆಯ ಮಗನಾದರೂ ಸರಿ, ಜೇನು ಕೀಳುವವನ ಮಗನಾದರೂ ಸರಿ, ಪ್ರಾಯಕ್ಕೆ ಬಂದವನು ಬೇಟೆಗೆ ಹೋಗಲೇಬೇಕು. ಹೋಗುವಾಗ ಸೊಂಟದಲ್ಲಿ ಒಂದೇ ಒಂದು ಚೂರಿ ಇರಬೇಕು. ಸೌದೆ ಸೀಳುವುದಕ್ಕೂ ಅದೇ, ತೊಗಲು ಸುಲಿಯುವುದಕ್ಕೂ ಅದೇ, ಗೆಡ್ಡೆ ಅಗೆಯುವುದಕ್ಕೂ ಅದೇ. ಆ ಚೂರಿಯನ್ನು ಅವನು ತಾನೇ ಆರಿಸಿಕೊಳ್ಳುವಂತಿರಲಿಲ್ಲ. ಅಕ್ಕ ಆರಿಸಬೇಕು, ಅಕ್ಕ ಇಲ್ಲದವನಿಗೆ ತಾಯಿ. ಕಾಡಿನಲ್ಲಿ ಇಬ್ಬರು ಎದುರಾದರೆ ಊರು ಯಾವುದೆಂದು ವಿಚಾರಿಸುವ ಮೊದಲು "ನಿನ್ನ ಚೂರಿ ಆರಿಸಿದವರು ಯಾರು?" ಎಂದು ಕೇಳುತ್ತಿದ್ದರು. ಆರಿಸಿದವರ ಹೆಸರನ್ನು ತಲೆಯೆತ್ತಿ ಹೇಳುವುದು ಆ ನಾಡಿನ ಮರ್ಯಾದೆ.

ಕಗ್ಗಲಿಯ ದೊರೆಗೆ ಇಬ್ಬರು ಮಕ್ಕಳು. ಹಿರಿಯವಳು ಬಾಚಲೆ, ಕಿರಿಯವನು ಏಚ. ಬಾಚಲೆ ಓದು ಬರಹ ಬಲ್ಲವಳು, ಬೆನ್ನು ಬಾಗಿಸದೆ ಕೂರುವವಳು, ಸೆರಗಿನ ನೆರಿಗೆ ಕದಲದ ಹಾಗೆ ನಡೆಯುವವಳು. ತಪ್ಪು ಮಾಡುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ತಾನೂ ತಪ್ಪು ಮಾಡಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಏಚನಿಗೆ ಪ್ರಾಯ ಬಂತು. ತುಂಬಿದ ಸಭೆಯಲ್ಲಿ ಕಮ್ಮಾರನು ಬಿಳಿ ಬಟ್ಟೆ ಹಾಸಿ ಅದರ ಮೇಲೆ ಮೂರು ಚೂರಿ ಇಟ್ಟನು.

ಮೊದಲನೆಯದು ಕೇದಗೆಯ ಎಸಳಿನಂತೆ ಉದ್ದ, ತೆಳ್ಳಗೆ. ಬಾಚಲೆ ಅದರ ಮೊನೆಯನ್ನು ಬೆರಳಿನಿಂದ ಮುಟ್ಟಿದಳು, ಅದು ನಡುಗಿತು. "ಇದು ಹೂವಾಡಗಿತ್ತಿಗೆ ಸರಿ," ಎಂದು ಪಕ್ಕಕ್ಕಿಟ್ಟಳು.

ಎರಡನೆಯದು ಗಿಡ್ಡ, ಕಪ್ಪು, ದಪ್ಪ ಬೆನ್ನಿನದು. ಅಲಗಿನ ಉಕ್ಕು ಹಿಡಿಯ ತುದಿಯವರೆಗೂ ಒಂದೇ ತುಂಡಾಗಿ ಹರಿದು, ಅದರ ಎರಡು ಬದಿಗೆ ಹುಣಸೆಯ ಹಲಗೆ ಇಟ್ಟು ಮೊಳೆ ಹೊಡೆದಿದ್ದರು. ಹೊಳಪಿಲ್ಲ, ಚಿತ್ತಾರವಿಲ್ಲ. ಬಾಚಲೆ ಎರಡು ಬೆರಳಿನಲ್ಲಿ ಅದನ್ನು ಎತ್ತಿ ಹಿಡಿದಳು. "ಇದಕ್ಕೆ ಕಾಡು ಯಾಕಪ್ಪ? ಇದು ಹಲಸು ಕೊಯ್ಯೋ ಚೂರಿ. ಅಡುಗೆಮನೆಗೆ ಕಳಿಸಿ." ಸಭೆ ನಕ್ಕಿತು. ಒಬ್ಬ ಆಳು ಅದನ್ನು ನಿಜವಾಗಿಯೇ ಅಡುಗೆಮನೆಗೆ ತೆಗೆದುಕೊಂಡು ಹೋದನು.

ಮೂರನೆಯದು ಫಳಫಳ ಹೊಳೆಯುತ್ತಿತ್ತು. ಬೆನ್ನಿಗೆ ಗರಗಸದ ಹಲ್ಲು. ಹಿಡಿ ಹಿತ್ತಾಳೆಯದು, ಒಳಗೆ ಟೊಳ್ಳು. ಮುಚ್ಚಳ ತಿರುಗಿಸಿದರೆ ಒಳಗೆ ಸೂಜಿ, ದಾರ, ಮೀನಿನ ಗಾಳ, ಚಕಮಕಿ ಕಲ್ಲು, ಉಗುರಿನಷ್ಟು ಕನ್ನಡಿ. ಒಂದೊಂದನ್ನೇ ತೆಗೆದು ತೋರಿಸುತ್ತ ಬಾಚಲೆ ಹೇಳಿದಳು: "ಒಂದೇ ಚೂರಿ ಅಂದ ಮೇಲೆ ಎಲ್ಲಾ ಕೆಲಸವೂ ಅದರಲ್ಲೇ ಇರಬೇಕು."

ಏಚ ಅದನ್ನು ಅಂಗೈಯಲ್ಲಿ ತೂಗಿ ನೋಡಿದನು. "ಅಕ್ಕಾ, ಹಿಡಿಯೊಳಗೆ ಇಷ್ಟೆಲ್ಲ ತುಂಬಿದೆಯಲ್ಲ, ಅಲಗಿನ ಬುಡ ಎಲ್ಲಿ ಕೂತಿದೆ?"

"ನಿನಗೆ ಸೂಜಿ ಬೇಡವೇನೋ? ಬಂದಾಗಲೆಲ್ಲ ಅಂಗಿ ಹರ್ಕೊಂಡು ಬರ್ತೀಯ."

ಎಲ್ಲರೂ ನಕ್ಕರು. ಏಚನೂ ನಕ್ಕು ಚೂರಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಕಾಡಿಗೆ ಹೋದನು.

ಹೋದವನು ಬರಲಿಲ್ಲ.

ಹುಡುಕಲು ಹೊರಟ ಗುಂಪಿನ ಮುಂದೆ ಬಾಚಲೆಯ ಕುದುರೆಯಿತ್ತು. ಅವಳೇ ಮೊದಲು ಕಂಡಳು. ಹೊಳೆಯ ದಡದ ಒದ್ದೆ ನೆಲದ ಮೇಲೆ ಅರ್ಧ ಸೀಳಿದ ಮರದ ತುಂಡು, ಅದರಲ್ಲಿ ಸಿಕ್ಕಿಕೊಂಡ ಅಲಗು. ಅಲಗಿನ ಬುಡ ಬೆರಳಿನ ಒಂದು ಗಿಣ್ಣಿನಷ್ಟೂ ಇರಲಿಲ್ಲ. ಹಿತ್ತಾಳೆ ಹಿಡಿ ದೂರ ಬಿದ್ದಿತ್ತು. ಸೂಜಿ, ದಾರ, ಗಾಳ ಕೆಸರಿನಲ್ಲಿ ಚೆಲ್ಲಿದ್ದವು. ಕನ್ನಡಿ ಆಕಾಶವನ್ನು ನೋಡುತ್ತಿತ್ತು. ಸುತ್ತಲೂ ದೊಡ್ಡ ಹಂದಿಯ ಗೊರಸಿನ ಗುರುತು. ತಮ್ಮನು ಬೆಂಕಿಗೆ ಸೌದೆ ಸೀಳುತ್ತಿದ್ದಾಗ ಚೂರಿ ಮುರಿದಿದೆ. ಹಂದಿ ಬಂದಾಗ ಅವನ ಕೈ ಬರಿದಾಗಿತ್ತು. ಇದು ಅವಳಿಗೆ ನಿಂತಲ್ಲೇ ಅರ್ಥವಾಯಿತು.

ಹಿಂದೆ ಉಳಿದವರ ಮಾತು ಕೇಳಿಸಿತು. ಬಾಚಲೆ ಅಲಗನ್ನು ಕಿತ್ತು ಹೊಳೆಗೆ ಎಸೆದಳು. ಚೆಲ್ಲಿದ್ದನ್ನು ಕಾಲಿನಿಂದ ಕೆಸರಿಗೆ ತುಳಿದಳು. ಹಿಡಿಯನ್ನು ಸೀರೆಯ ಮಡಿಲಿಗೆ ಸೇರಿಸಿದಳು.

ಸಭೆಯಲ್ಲಿ ದೊರೆ ಕೇಳಿದನು: "ಚೂರಿ ಸಿಕ್ಕಿತೇನಮ್ಮ?"

"ಇಲ್ಲ," ಎಂದಳು ಬಾಚಲೆ. ಅಲ್ಲಿಗೆ ನಿಲ್ಲಿಸಬಹುದಾಗಿತ್ತು, ನಿಲ್ಲಿಸಲಿಲ್ಲ. "ಚೂರಿ ಗಟ್ಟಿಯಾದದ್ದೇ. ಹಿಡಿದವನು ಗಟ್ಟಿ ಇರಲಿಲ್ಲವೇನೋ."

ಅಷ್ಟು ಸಾಕಾಯಿತು. ಯುವರಾಜನು ಹಂದಿಗೆ ಹೆದರಿ ಚೂರಿಯೊಂದಿಗೆ ಓಡಿಹೋದನೆಂದು ಜನ ತಿಳಿದರು. ಸಭೆಯ ಗೋಡೆಯಲ್ಲಿ ಅವನ ಹೆಸರಿನ ಗೂಟವಿತ್ತು. ಬೇಟೆಯಿಂದ ಬಂದವರು ಚೂರಿ ತೂಗುಹಾಕುವ ಗೂಟ. ದೊರೆ ಅದನ್ನು ತನ್ನ ಕೈಯಿಂದಲೇ ಕಿತ್ತು, ಮಗಳ ಕಡೆಗೂ ಜನರ ಕಡೆಗೂ ನೋಡದೆ ಒಳಗೆ ಹೋದನು. ಗೂಟವಿದ್ದ ಜಾಗದಲ್ಲಿ ಒಂದು ತೂತು ಉಳಿಯಿತು.

ಅಂದಿನಿಂದ ಬಾಚಲೆಗೆ ಅನ್ನ ಇಳಿಯಲಿಲ್ಲ. ಹಿಡಿ ಮಡಿಲಿನಲ್ಲೇ ಇತ್ತು. ಕುಳಿತರೆ ಒತ್ತುತ್ತಿತ್ತು, ಮಲಗಿದರೆ ಒತ್ತುತ್ತಿತ್ತು. ಎಸೆಯೋಣವೆಂದರೆ ಯಾರಾದರೂ ಕಂಡಾರು. ದಾಸಿಯರು "ಓಡಿಹೋದ ಏಚ" ಎಂದು ಮಾತಾಡಿಕೊಂಡಾಗ ಅವರನ್ನು ಗದರಿಸಲು ಏಳುವಳು, ಹಿಡಿ ಒತ್ತಿದೊಡನೆ ಮತ್ತೆ ಕೂರುವಳು.

ಮಂಜುಗುಡ್ಡದ ಮೇಲೆ ಮಬ್ಬಯ್ಯನೆಂಬ ಮಾಯಾವಿ ಇದ್ದಾನೆ, ಹಂದಿಯ ಮೇಲೆ ಕುಳಿತು ಬಂದು ಬೇಟೆಗಾರರನ್ನು ಹೊತ್ತೊಯ್ಯುತ್ತಾನೆ ಎಂಬ ಹಳೆಯ ಮಾತಿತ್ತು. ಗೊರಸಿನ ಗುರುತಿನ ಬಳಿ ರಕ್ತ ಕಂಡಿರಲಿಲ್ಲವಾದ್ದರಿಂದ ಬಾಚಲೆ ಅದನ್ನು ನಂಬಿದಳು. ತಮ್ಮನನ್ನು ಸದ್ದಿಲ್ಲದೆ ಕರೆತಂದುಬಿಟ್ಟರೆ ಯಾರಿಗೂ ಏನನ್ನೂ ಹೇಳಬೇಕಾಗುವುದಿಲ್ಲ ಎಂದು ಬಾಚಲೆ ಯೋಚಿಸಿದಳು. ಕಾಡಿಗೆ ಹೋಗಲು ಚೂರಿ ಬೇಕಲ್ಲ. ಅವಳು ಅಡುಗೆಮನೆಗೆ ಹೋದಳು.

ಅಡುಗೆಯ ಹೊನ್ನಕ್ಕ ಎಣ್ಣೆ ಸವರಿದ ಕೈಯಲ್ಲಿ ಆ ಕಪ್ಪು ಚೂರಿ ಹಿಡಿದು ಹಲಸು ಸೀಳುತ್ತಿದ್ದಳು.

"ಆ ಚೂರಿ ಕೊಡು."

"ಇದಾ? ಇದು ಹಲಸು ಕೊಯ್ಯೋದಲ್ವಾ ತಾಯಿ. ತಾವೇ ಹೇಳಿದ್ದು."

"ಗೊತ್ತು. ಕೊಡು."

"ಕೊಡ್ತೀನಿ. ಈ ಒಂದು ಹಣ್ಣು ಮುಗೀಲಿ. ಇದು ಬಂದ ಮೇಲೆ ನನಗೆ ಕೊಡಲಿ ಬೇಕಾಗಿಲ್ಲ. ತೆಂಗಿನಕಾಯಿ ಒಡೆದೆ, ಮೂಳೆ ಕಡಿದೆ, ಒಲೆಗೆ ಚಕ್ಕೆ ಎಬ್ಬಿಸಿದೆ. ಒಂದು ಮೊಳೆ ಅಲುಗಿಲ್ಲ ನೋಡಿ."

ಬಾಚಲೆ ನಿಂತು ಕಾದಳು. ಅಡುಗೆಮನೆಯಲ್ಲಿ ಅವಳು ಕಾದದ್ದು ಅದೇ ಮೊದಲು. ಹೊನ್ನಕ್ಕ ಅಲಗಿನ ಮೇಣವನ್ನು ಎಣ್ಣೆಯಿಂದ ತಿಕ್ಕಿ, ಹೊಸ್ತಿಲ ಕಲ್ಲಿಗೆ ಮಸೆದು, ಹಿಡಿಯನ್ನು ಮುಂದಾಗಿಸಿ ಕೊಟ್ಟಳು. ಏಕೆ ಎಂದು ಕೇಳಲಿಲ್ಲ. ಕೇಳದಿದ್ದದ್ದೇ ಬಾಚಲೆಯ ಮುಖವನ್ನು ಕೆಂಪಾಗಿಸಿತು.

ಮಂಜುಗುಡ್ಡದ ಬುಡದಲ್ಲಿ ಜಡಿಮಳೆ. ದಾರಿಗೆ ಅಡ್ಡವಾಗಿ ಒಂದು ಹೆಣ್ಣು ಕರಡಿ ಕುಳಿತಿತ್ತು, ಅದರ ಹೊಟ್ಟೆಗೆ ಅಂಟಿಕೊಂಡು ಎರಡು ಮರಿ.

"ಮರಿಗಳು ನಡುಗ್ತಿವೆ," ಎಂದಿತು ಕರಡಿ. "ಬೆಂಕಿ ಮಾಡಿಕೊಡು, ದಾರಿ ಬಿಡ್ತೀನಿ."

ಸೌದೆಯೆಲ್ಲ ನೆನೆದಿತ್ತು. ಬಾಚಲೆ ಚೂರಿಯನ್ನು ಮರದ ತುಂಡಿನ ತಲೆಗಿಟ್ಟು, ಅದರ ಬೆನ್ನಿಗೆ ದೊಣ್ಣೆಯಿಂದ ಹೊಡೆದಳು. ತಮ್ಮನು ಮಾಡುತ್ತಿದ್ದ ಕೆಲಸ ಇದೇ. ಒಂದೊಂದು ಏಟಿಗೂ ಅವಳು ಅಲಗು ಕಳಚುವುದನ್ನು ಕಾದಳು. ಅದು ಕಳಚಲಿಲ್ಲ, ಮರ ಸೀಳಿತು. ಒಳಗಿನ ಒಣ ತಿರುಳನ್ನು ತೆಳ್ಳಗೆ ಹೆರೆದು, ಚೂರಿಯ ಬೆನ್ನನ್ನು ಬೆಣಚುಕಲ್ಲಿಗೆ ಉಜ್ಜಿ ಕಿಡಿ ಎಬ್ಬಿಸಿದಳು.

ಕರಡಿ ಬೆಂಕಿಗೆ ಕೈಚಾಚಿ ಕೇಳಿತು: "ಒಳ್ಳೆ ಚೂರಿ. ಆರಿಸಿದವರು ಯಾರು?"

"ನಮ್ಮ ತಾಯಿ," ಎಂದಳು ಬಾಚಲೆ.

ಅವಳ ಬಲಗೈಯ ಕಿರುಬೆರಳು ಕಲ್ಲಾಯಿತು.

ಇನ್ನೂ ಮೇಲೆ ಹೋದಾಗ ಬಿದಿರು ಮೆಳೆಯ ಬಳಿ ಒಂದು ಹೆಬ್ಬುಲಿ ಬಿದ್ದುಕೊಂಡಿತ್ತು. ಅಂಗಾಲಿಗೆ ಬಿದಿರಿನ ಸಿಬಿರು ನಾಟಿ ಪಂಜ ಊದಿತ್ತು.

"ತೆಗಿ," ಎಂದಿತು ಹುಲಿ. "ನೋವಾದರೆ ತಿಂದುಬಿಡ್ತೀನಿ, ಮೊದಲೇ ಹೇಳಿದ್ದೀನಿ."

ಬಾಚಲೆ ಉಳಿದ ನಾಲ್ಕು ಬೆರಳಲ್ಲಿ ಹಿಡಿಯನ್ನು ಬಿಗಿದಳು. ಬೆನ್ನು ದಪ್ಪವಾದರೂ ಅಂಚು ಎಲೆಯಂತೆ ಇಳಿದಿತ್ತು. ಚರ್ಮವನ್ನು ಕೂದಲೆಳೆಯಷ್ಟು ಬಿಡಿಸಿ, ಮೊನೆಯಿಂದ ಸಿಬಿರನ್ನು ಎತ್ತಿದಳು. ಹುಲಿ ಕಣ್ಣು ಮುಚ್ಚಿ ತೆರೆಯಿತು, ಅಷ್ಟೇ.

"ಆರಿಸಿದವರು ಯಾರು?"

ಈ ಸಲ ಸುಳ್ಳು ಹೇಳಬಾರದೆಂದುಕೊಂಡಳು. "ಯಾರೂ ಆರಿಸಿಲ್ಲ. ಅಡುಗೆಮನೆಯಲ್ಲಿ ಬಿದ್ದಿತ್ತು."

"ಬಿದ್ದಿತ್ತೋ, ಯಾರಾದರೂ ಎಸೆದಿದ್ದರೋ," ಎನ್ನುತ್ತ ಹುಲಿ ಪಂಜ ನೆಕ್ಕಿಕೊಂಡಿತು.

ಉಂಗುರದ ಬೆರಳೂ ಕಲ್ಲಾಯಿತು.

ಗುಡ್ಡದ ನೆತ್ತಿಯಲ್ಲಿ ಮಬ್ಬಯ್ಯನ ಬಂಡೆಯ ಬಾಗಿಲು. ಅದಕ್ಕೆ ಬೀಗವಿಲ್ಲ, ಚಿಲಕವಿಲ್ಲ, ಒಂದು ಬಿರುಕು ಮಾತ್ರ. ಬಾಚಲೆ ಬಿರುಕಿಗೆ ಚೂರಿ ತೂರಿಸಿ, ಇಡೀ ಮೈಭಾರ ಹಾಕಿ ಮೀಟಿದಳು. ಅಲಗು ಬಿಲ್ಲಿನಂತೆ ಬಾಗಿತು. ಬಂಡೆ ಸರಿಯಿತು. ಅಲಗು ಮತ್ತೆ ನೆಟ್ಟಗಾಯಿತು.

ಒಳಗೆ ಮಂಜು ತುಂಬಿದ ಅಂಗಳ. ಅಂಗಳದ ತುಂಬ ಕಲ್ಲಾದ ಬೇಟೆಗಾರರು. ನಡುವೆ ಏಚ. ಅವನ ಬಲಗೈ ಏನನ್ನೋ ಹಿಡಿದಂತೆ ಮುಷ್ಟಿಯಾಗಿತ್ತು, ಮುಷ್ಟಿಯಲ್ಲಿ ಏನೂ ಇರಲಿಲ್ಲ. ಹೆದರಿ ಓಡುವವನ ನಿಲುವಲ್ಲ ಅದು. ಕಾಲನ್ನು ಊರಿ ನಿಂತಿದ್ದನು.

ಮಲಗಿದ ಹಂದಿಗೆ ಒರಗಿಕೊಂಡು ಮಬ್ಬಯ್ಯ ಅಡಿಕೆ ಜಗಿಯುತ್ತಿದ್ದನು. "ಬಾಮ್ಮ. ಚೂರಿ ಆರಿಸಿದವರು ಯಾರು?"

ಬಾಚಲೆಗೆ ಇನ್ನು ಮೂರೇ ಬೆರಳು. "ನಾನು ಆರಿಸಲಿಲ್ಲ. ಇದನ್ನು ನೋಡಿ ನಕ್ಕೆ. ಹೊಳೆಯೋದನ್ನ ಆರಿಸಿ ತಮ್ಮನಿಗೆ ಕೊಟ್ಟೆ. ಅದು ಮುರೀತು. ಬಚ್ಚಿಟ್ಟೆ. ಅವನ ಮೇಲೆ ಹಾಕಿದೆ."

"ಸರಿಯಾಗಿ ಹೇಳಿದೆ," ಎಂದನು ಮಬ್ಬಯ್ಯ.

"ಹಾಗಾದರೆ ಅವನನ್ನು ಕಲ್ಲಿನಿಂದ ಬಿಡಿಸು."

"ಕಲ್ಲು ಮಾಡಿದವನು ನಾನಲ್ಲವಲ್ಲ. ನಾನು ಎತ್ತಿಕೊಂಡು ಬರ್ತೀನಿ ಅಷ್ಟೇ. ಊರಲ್ಲಿ ಇವರ ಮೇಲೆ ಯಾರೋ ಒಂದು ಸುಳ್ಳು ಹೇಳ್ತಾರೆ, ಇವರು ಇಲ್ಲಿ ಕಲ್ಲಾಗ್ತಾರೆ. ಈ ಗುಡ್ಡದಲ್ಲೇ ಸುಳ್ಳು ಹೇಳಿದವರು ಬೆರಳು ಬೆರಳಾಗಿ ತಾವೇ ಕಲ್ಲಾಗ್ತಾರೆ. ಒಂದೊಂದು ಕಲ್ಲಿನಿಂದ ನನಗೆ ಒಂದೊಂದು ಗುಡ್ಡದಷ್ಟು ಮಂಜು." ಅವನು ಅಡಿಕೆ ಉಗುಳಿದನು. "ನನ್ನ ಮುಂದೆ ಹೇಳಿ ಏನು ಪ್ರಯೋಜನ? ನನಗೆ ಮೊದಲೇ ಗೊತ್ತು. ಕರಡಿಗೆ ಹೇಳಿದ್ದನ್ನ ಕರಡಿ ಮುಂದೆ ತೆಗೀಬೇಕು. ಸಭೇಲಿ ಹೇಳಿದ್ದನ್ನ ಸಭೇಲೇ ತೆಗೀಬೇಕು. ಇದನ್ನ ನಿನಗೆ ಧೈರ್ಯವಾಗಿ ಹೇಳ್ತೀನಿ. ಇಲ್ಲಿಗೆ ಬಂದು ಅತ್ತವರು ಬೇಕಾದಷ್ಟು ಜನ. ಹಿಂದೆ ಹೋಗಿ ಹೇಳಿದವರು ಒಬ್ಬರೂ ಇಲ್ಲ."

ಬಾಚಲೆ ತಮ್ಮನ ಕಲ್ಲಿನ ಮುಷ್ಟಿಯನ್ನು ಒಮ್ಮೆ ಮುಟ್ಟಿ ಹಿಂದಿರುಗಿದಳು.

ಇಳಿಯುವಾಗ ಹುಲಿಗೆ ಹೇಳಿದಳು: "ಎಸೆದವಳು ನಾನೇ." ಹುಲಿ ಆಕಳಿಸಿತು. ಒಂದು ಬೆರಳು ಮರಳಿತು. ಕರಡಿಗೆ ಹೇಳಿದಳು: "ನಮ್ಮ ತಾಯಿ ಈ ಚೂರಿಯನ್ನ ನೋಡೇ ಇಲ್ಲ. ನನಗೆ ನಾಚಿಕೆಯಾಗಿ ಹಾಗಂದೆ." ಕರಡಿ, "ನನ್ನ ಹತ್ತಿರ ಎಂಥ ನಾಚಿಕೆ ಮಾರಾಯ್ತಿ, ನಾನು ಕರಡಿ," ಎಂದಿತು. ಇನ್ನೊಂದು ಬೆರಳೂ ಮರಳಿತು. ಇವೆರಡೂ ಸುಲಭವಾಗಿದ್ದವು.

ಸಭೆಯ ಬಾಗಿಲಿಗೆ ಬಂದಾಗ ಅವಳ ಕಾಲು ನಿಂತಿತು. ಒಳಗೆ ಅದೇ ಜನ ಇದ್ದರು. ಅವಳು ಆರಿಸಿದಾಗ ಅವಳ ಮಾತಿಗೆ ನಕ್ಕವರು. ಸೀರೆಯ ನೆರಿಗೆಯಲ್ಲಿ ಮುಳ್ಳು, ಕೈಯಲ್ಲಿ ಹಲಸಿನ ಚೂರಿ. ಈಗ ಒಳಗೆ ಹೋಗಿ ನೀರು ಕೇಳಿ, ಮುಖ ತೊಳೆದು, ನಾಳೆ ಹೇಳಬಹುದಾಗಿತ್ತು. ನಾಳೆ ಎಂದವಳು ಎಂದೂ ಹೇಳಲಾರಳೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಳಗೆ ನಡೆದಳು. ಮಡಿಲಿನಿಂದ ಹಿತ್ತಾಳೆ ಹಿಡಿ ತೆಗೆದು, ಎಲ್ಲರಿಗೂ ಕಾಣುವಂತೆ ಸಭೆಯ ನಡುವೆ ಇಟ್ಟಳು.

"ಚೂರಿ ನನಗೆ ಅವತ್ತೇ ಸಿಕ್ಕಿತ್ತು," ಎಂದಳು. "ಮುರಿದು ಸಿಕ್ಕಿತ್ತು. ನನ್ನ ಆಯ್ಕೆ ಮುರೀತು, ಏಚ ಮುರೀಲಿಲ್ಲ. ಅವನು ಓಡಲಿಲ್ಲ. ಬರಿಗೈಯಲ್ಲಿ ನಿಂತಿದ್ದಾನೆ, ನಾನೇ ನೋಡಿ ಬಂದೆ. ಅಪ್ಪಾ, ಅವತ್ತು ಗಟ್ಟಿ ಇರದೇ ಇದ್ದವಳು ನಾನು."

ಅವಳ ಕಿವಿ ಸುಡುತ್ತಿತ್ತು. ಯಾರಾದರೂ ಬೈದರೆ ಸಾಕೆನಿಸಿತು, ಯಾರೂ ಬೈಯಲಿಲ್ಲ. ದೊರೆ ಎದ್ದು ಬಂದು ಹಿಡಿಯನ್ನು ಎತ್ತಿ, ಅದರ ಟೊಳ್ಳಿನೊಳಗೆ ಬಹಳ ಹೊತ್ತು ನೋಡಿದನು. ಆಮೇಲೆ ಒಳಗಿನಿಂದ ಗೂಟ ತಂದು, ಗೋಡೆಯ ತೂತಿಗೆ ತಾನೇ ಬಡಿದನು.

ಆ ಬಡಿತದ ಸದ್ದಿಗೆ ಮುದುಕ ಮಂತ್ರಿ ಎದ್ದು ನಿಂತನು. "ನನ್ನ ಅಣ್ಣನ ವಿಷಯದಲ್ಲಿ ನಾನೂ ಒಂದು ಮಾತು ಹೇಳಿದ್ದೆ," ಎಂದನು. "ಅದು ನಿಜವಲ್ಲ." ಅವನ ಹಿಂದೆ ಇನ್ನೊಬ್ಬಳು ಎದ್ದಳು, ಅವಳ ಹಿಂದೆ ಮತ್ತೊಬ್ಬನು. ಸಂಜೆಯವರೆಗೂ ಜನ ಏಳುತ್ತಲೇ ಇದ್ದರು.

ಅಲ್ಲಿ ಮಂಜುಗುಡ್ಡದ ಮೇಲೆ ಕಲ್ಲುಗಳು ಒಂದೊಂದಾಗಿ ಉಸಿರೆಳೆದವು. ಒಂದು ಕಲ್ಲು ಎದ್ದಾಗ ಒಂದು ಗುಡ್ಡದಷ್ಟು ಮಂಜು ಹೋಯಿತು. ಕೊನೆಯ ಕಲ್ಲು ಎದ್ದಾಗ ಮಬ್ಬಯ್ಯನ ಮೈಯೇ ತೆಳುವಾಗಿ, ಬಿಸಿಲು ಅವನ ಮೂಲಕ ಹಾದು ನೆಲಕ್ಕೆ ಬಿತ್ತು. ಅಷ್ಟಕ್ಕೆ ಅವನು ಮುಗಿದನು. ಹಂದಿ ಎದ್ದು ಮೈ ಕೊಡವಿ ಗೆಡ್ಡೆ ಹುಡುಕಿಕೊಂಡು ಹೋಯಿತು.

ಏಚ ಮನೆಗೆ ಬಂದಾಗ ಅಂಗಿ ಹರಿದಿತ್ತು. ಬಾಚಲೆ ಏನೂ ಅನ್ನದೆ ಸೂಜಿ ತಂದಳು. ಅಂಗಿ ಹೊಲಿದ ಮೇಲೆ ಆ ಕಪ್ಪು ಚೂರಿಯನ್ನು, ಹಿಡಿ ಮುಂದಾಗಿಸಿ, ಅವನ ಕೈಗೆ ಕೊಟ್ಟಳು. ಬೇಟೆಯ ಹಬ್ಬದಲ್ಲಿ ಅವನು ಅದರಿಂದಲೇ ಮೊದಲ ತುಂಡು ಕೊಯ್ದನು. ಸಭೆ ಪದ್ಧತಿಯಂತೆ ಕೇಳಿತು: "ಚೂರಿ ಆರಿಸಿದವರು ಯಾರು?"

"ನಮ್ಮಕ್ಕ," ಎಂದನು ಏಚ ತಲೆಯೆತ್ತಿ. "ಎರಡು ಸಲ ಆರಿಸಿದಳು."

ಸಭೆ ನಕ್ಕಿತು. ಬಾಚಲೆಯ ಕಿವಿ ಮತ್ತೆ ಸುಟ್ಟಿತು. ಆದರೆ ಅವಳು ಮುಖ ತಗ್ಗಿಸಲಿಲ್ಲ.

ಅಲ್ಲಿಂದ ಮುಂದೆ ಕಗ್ಗಲಿಯಲ್ಲಿ ಯಾವ ಚೂರಿಯೂ ನೇರವಾಗಿ ಕಾಡಿಗೆ ಹೋಗಲಿಲ್ಲ. ಮೊದಲು ಒಂದು ಹಲಸಿನ ಕಾಲವನ್ನು ಅದು ಹೊನ್ನಕ್ಕನ ಅಡುಗೆಮನೆಯಲ್ಲಿ ಕಳೆಯಬೇಕಿತ್ತು. ಅವಳು ಸೈ ಎಂದರೆ ಮಾತ್ರ ಅಕ್ಕಂದಿರು ಅದನ್ನು ಮುಟ್ಟುತ್ತಿದ್ದರು. ಕಾಡಿಗೆ ಹೋದವರೆಲ್ಲ ಮನೆಗೆ ಬಂದರು, ಗೋಡೆಯ ಗೂಟಗಳೆಲ್ಲ ತುಂಬಿದವು, ದೊರೆಯೂ ಮಕ್ಕಳೂ ನಾಡಿನವರೂ ಸುಖವಾಗಿ ಬಾಳಿದರು. ಹಲಸು ಹಣ್ಣಾಗಿ ಊರೆಲ್ಲ ಘಮ್ಮೆಂದಾಗ ಮಾತ್ರ ಬಾಚಲೆಯ ಮುಖ ಸ್ವಲ್ಪ ಕೆಂಪಾಗುತ್ತಿತ್ತು. ತೊಳೆ ತಿನ್ನುವುದನ್ನು ಅವಳು ಅದಕ್ಕಾಗಿ ಬಿಡಲಿಲ್ಲ.